ಕಡಿಮೆ ಆವರ್ತನದ ಮಿಕ್ಸರಿಗೆ ಬಿಡಿಭಾಗಗಳನ್ನು ಆಯುವಾಗ

ಪುಣೆಯ ಭೋಸರಿಯಲ್ಲಿ ಅಳತೆಯ ಉಪಕರಣಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಸರ್ಕ್ಯೂಟ್ ವಿನ್ಯಾಸದ ಕೆಲಸ ಮಾಡುತ್ತೇನೆ. ವಾಹನಗಳ ಬಿಡಿಭಾಗಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುವ ಎಲ್‌ವಿಡಿಟಿ (ಸರಿದ ದೂರವನ್ನು ವೋಲ್ಟೇಜಾಗಿ ಬದಲಿಸುವ ಸುರುಳಿಗಳ ಸೆನ್ಸರ್) ಗೇಜುಗಳು ನಮ್ಮಲ್ಲಿ ತಯಾರಾಗುತ್ತವೆ. ಎಲ್‌ವಿಡಿಟಿಯ ಪ್ರೈಮರಿ ಸುರುಳಿಗೆ 5 ಕಿಲೋಹರ್ಟ್ಸಿನ ಸೈನ್ ಅಲೆ ಕೊಟ್ಟಾಗ, ಒಳಗಿನ ಕೋರ್ ಎಷ್ಟು ಸರಿದಿದೆಯೋ ಅದಕ್ಕೆ ತಕ್ಕ ವೋಲ್ಟೇಜು ಸೆಕೆಂಡರಿಯಲ್ಲಿ ಬರುತ್ತದೆ. ಯಾವ ಕಡೆಗೆ ಸರಿದಿದೆ ಎಂಬುದು ಅದರ ಫೇಸಿನಿಂದ ತಿಳಿಯುತ್ತದೆ. ಎರಡನ್ನೂ ಒಟ್ಟಿಗೆ ಪಡೆಯಲು ಆ ಸಿಗ್ನಲನ್ನು ಅದೇ 5 ಕಿಲೋಹರ್ಟ್ಸಿನ ರೆಫರೆನ್ಸಿನಿಂದ ಗುಣಿಸಬೇಕು. ಹೀಗೆ ಗುಣಿಸುವ ಸರ್ಕ್ಯೂಟೇ ಮಿಕ್ಸರ್. ಆಗ ಆವರ್ತನಗಳ ಮೊತ್ತವಾದ 10 ಕಿಲೋಹರ್ಟ್ಸೂ ವ್ಯತ್ಯಾಸವಾದ ಡಿಸಿಯೂ ಹುಟ್ಟುತ್ತವೆ. ಫಿಲ್ಟರಿನ ನಂತರ ಉಳಿಯುವ ಡಿಸಿಯೇ ನಮ್ಮ ಅಳತೆ.

ಈಚೆಗೆ ವಿಜಯಪುರದಿಂದ ಬಂದು ಸೇರಿದ ಹುಡುಗನೊಬ್ಬ ಕೇಳಿದ: "ಸರ, ಗುಣಾಕಾರ ಮಾಡೋ ಚಿಪ್ಪೇ ಸಿಗ್ತದಲ್ರೀ, ಅದನ್ನ ಹಾಕಿದ್ರ ಆಗೂದಿಲ್ಲೇನ್ರೀ?" ಕೇಳಬೇಕಾದ ಪ್ರಶ್ನೆಯೇ. ಎಡಿ633 ಎಂಬ ಚಿಪ್ಪು ಎರಡು ವೋಲ್ಟೇಜುಗಳನ್ನು ಗುಣಿಸಿ ಹತ್ತರಿಂದ ಭಾಗಿಸಿ ಕೊಡುತ್ತದೆ. ಅಂದರೆ ಒಂದು ವೋಲ್ಟಿಗೆ ಒಂದು ವೋಲ್ಟ್ ಗುಣಿಸಿದರೆ ಕೈಗೆ ಸಿಗುವುದು 0.1 ವೋಲ್ಟ್. ಅದರ ಒಟ್ಟು ದೋಷ ಪೂರ್ಣ ಪ್ರಮಾಣದ ಶೇಕಡಾ 2ರವರೆಗೆ ಇರಬಹುದು ಎಂದು ಡೇಟಾಶೀಟೇ ಹೇಳುತ್ತದೆ. ಬೇರೆ ಬೇರೆ ಆಕಾರದ ಅಲೆಗಳನ್ನು ಗುಣಿಸಬೇಕಾದಲ್ಲಿ ಅದು ಒಳ್ಳೆಯ ಚಿಪ್ಪು, ಮೈಕ್ರಾನ್ ಗೇಜಿಗೆ ಹೊಂದುವುದಿಲ್ಲ. ಎಸ್‌ಎ612ನಂತಹ ರೇಡಿಯೊ ಮಿಕ್ಸರುಗಳು ಡಿಸಿ ನಿಖರತೆಗಾಗಿ ಮಾಡಿದವುಗಳಲ್ಲ. ನಾಲ್ಕು ಡಯೋಡುಗಳನ್ನು ಬಳೆಯಂತೆ ಜೋಡಿಸಿದ ಡಯೋಡ್ ರಿಂಗ್ ಮಿಕ್ಸರಿಗೆ ಟ್ರಾನ್ಸ್‌ಫಾರ್ಮರ್ ಬೇಕು, ಆವರ್ತನ ಇಳಿದಷ್ಟೂ ಅದರ ಗಾತ್ರ ಬೆಳೆಯುತ್ತದೆ.

ನಮಗೆ ರೆಫರೆನ್ಸಿನ ಚಿಹ್ನೆಯೊಂದೇ ಸಾಕಾದ್ದರಿಂದ, ಸಿಗ್ನಲನ್ನು ಅರ್ಧ ಆವರ್ತ +1ರಿಂದಲೂ ಉಳಿದರ್ಧ −1ರಿಂದಲೂ ಗುಣಿಸಿದರೆ ಕೆಲಸವಾಗುತ್ತದೆ. ಇದಕ್ಕೆ ಒಂದು ಓಪ್‌ಆಂಪ್ (ಆಂಪ್ಲಿಫೈಯರ್ ಚಿಪ್ಪು), 10 ಕಿಲೋಓಮಿನ ಎರಡು ಸಮ ರೆಸಿಸ್ಟರುಗಳು, ಸಿಡಿ4053 ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಚಿಪ್ಪಿನ ಒಂದು ಸ್ವಿಚ್ ಸಾಕು. ಸ್ವಿಚ್ಚನ್ನು ಎಲ್ಲಿಡುತ್ತೇವೆ ಎಂಬುದು ಇಲ್ಲಿ ಮುಖ್ಯ. ±5 ವೋಲ್ಟಿನಲ್ಲಿ ಅದರ ಆನ್ ರೆಸಿಸ್ಟೆನ್ಸ್ ನೂರಾರು ಓಮ್ ಇರುತ್ತದೆ, ಸಿಗ್ನಲಿನ ಮಟ್ಟದೊಂದಿಗೆ ಬದಲಾಗುತ್ತದೆ ಕೂಡ. 10 ಕಿಲೋಓಮಿಗೆ ಸರಣಿಯಲ್ಲಿ ಇಟ್ಟರೆ ಅದೆಲ್ಲವೂ ಗೇನಿನಲ್ಲಿ (ಸಿಗ್ನಲ್ ಎಷ್ಟು ಪಟ್ಟಾಗುತ್ತದೆ ಎಂಬುದರಲ್ಲಿ) ದೋಷವಾಗಿ ಸೇರಿಕೊಳ್ಳುತ್ತದೆ. ಬದಲಿಗೆ ಓಪ್‌ಆಂಪಿನ ನಾನ್‌ಇನ್ವರ್ಟಿಂಗ್ (ಚಿಹ್ನೆ ಬದಲಿಸದ) ಪಿನ್ನನ್ನು ಒಮ್ಮೆ ಸಿಗ್ನಲಿಗೂ ಒಮ್ಮೆ ಗ್ರೌಂಡಿಗೂ ಜೋಡಿಸುವಂತೆ ಇಟ್ಟರೆ ಸ್ವಿಚ್ಚಿನ ಮೂಲಕ ಹರಿಯುವುದು ಆ ಪಿನ್ನು ಎಳೆಯುವ ಅತ್ಯಲ್ಪ ಬಯಾಸ್ ಕರೆಂಟ್ ಮಾತ್ರ, ಹೀಗಾಗಿ ಅಗ್ಗದ ಸ್ವಿಚ್ಚೂ ನಡೆಯುತ್ತದೆ.

ಆದರೆ ಈ ಜೋಡಣೆಯಲ್ಲಿ ಇನ್ನೊಂದು ತೊಡಕಿದೆ. −1ರ ಅವಧಿಯಲ್ಲಿ ಈ ಹಂತ ಹಿಂದಿನ ಹಂತದಿಂದ 10 ಕಿಲೋಓಮಿನ ಲೋಡಿನಂತೆ ಕರೆಂಟು ಎಳೆಯುತ್ತದೆ, +1ರ ಅವಧಿಯಲ್ಲಿ ಬಹುಮಟ್ಟಿಗೆ ಏನನ್ನೂ ಎಳೆಯುವುದಿಲ್ಲ. ಈ ಹಂತಕ್ಕೆ ಮೊದಲು, ಡಿಸಿಯನ್ನು ತಡೆದು ಎಸಿಯನ್ನಷ್ಟೇ ಬಿಡುವ ಕಪ್ಲಿಂಗ್ ಕೆಪಾಸಿಟರ್ ನೇರವಾಗಿ ಇದ್ದರೆ ಒಂದೇ ದಿಕ್ಕಿನ ಕರೆಂಟು ಅದನ್ನು ನಿಧಾನವಾಗಿ ಚಾರ್ಜ್ ಮಾಡಿ ಸಿಗ್ನಲಿನ ಸೊನ್ನೆಯನ್ನೇ ಸರಿಸಿಬಿಡುತ್ತದೆ. ಆದ್ದರಿಂದ ಕೆಪಾಸಿಟರಿನ ನಂತರ ಒಂದು ಬಫರ್ (ಹಿಂದಿನಿಂದ ಕರೆಂಟು ಎಳೆಯದೆ ಅದೇ ವೋಲ್ಟೇಜನ್ನು ಮುಂದೆ ಕೊಡುವ ಹಂತ) ಹಾಕಲೇಬೇಕು.

ಇನ್ನು ಓಪ್‌ಆಂಪ್. ಈ ಹಂತದಲ್ಲಿ ಅದರ ಆಫ್‌ಸೆಟ್ (ಅದರೊಳಗೇ ಇರುವ ಸಣ್ಣ ಡಿಸಿ ದೋಷ), ಸ್ವಿಚ್ ಯಾವ ಕಡೆಗಿದ್ದರೂ, ಎರಡು ಪಟ್ಟಾಗಿ ಔಟ್‌ಪುಟ್ಟಿಗೆ ಬರುತ್ತದೆ. 3 ವೋಲ್ಟ್ ಪೀಕ್ ಸಿಗ್ನಲಿಗೆ ಸಿಗುವ ಸರಾಸರಿ ಡಿಸಿ ಸುಮಾರು 1.9 ವೋಲ್ಟ್. ಟಿಎಲ್072 ಎಂಬ ಸಾಮಾನ್ಯ ಓಪ್‌ಆಂಪಿನ ಆಫ್‌ಸೆಟ್ 10 ಮಿಲಿವೋಲ್ಟಿನವರೆಗೆ ಇರಬಹುದಾದ್ದರಿಂದ ಔಟ್‌ಪುಟ್ಟಿನಲ್ಲಿ 20 ಮಿಲಿವೋಲ್ಟ್, ಅಂದರೆ ಒಂದು ಮಿಲಿಮೀಟರ್ ಅಳೆಯುವ ಗೇಜಿನಲ್ಲಿ ಹತ್ತು ಮೈಕ್ರಾನ್. ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ತಿರುಗಿಸಿ ಅದನ್ನು ಸೊನ್ನೆಗೆ ತರಬಹುದಾದರೂ ಬೆಳಗಿನಿಂದ ಮಧ್ಯಾಹ್ನಕ್ಕೆ ಶೆಡ್ ಕಾಯುತ್ತಿದ್ದಂತೆ ಅದು ಮತ್ತೆ ಸರಿಯುತ್ತದೆ. ನಾವು ಮೊದಲ ಎಸಿ ಆಂಪ್ಲಿಫೈಯರಿಗೆ ಟಿಎಲ್072 ಬಳಸಿ, ಬಫರಿಗೂ ಸ್ವಿಚ್ಚಿನ ಹಂತಕ್ಕೂ ಹತ್ತಾರು ಮೈಕ್ರೋವೋಲ್ಟ್ ಆಫ್‌ಸೆಟ್ಟಿನ ಓಪಿಎ2277 ಹಾಕುತ್ತೇವೆ. ಸಿಡಿ4053, ಟಿಎಲ್072 ಬುಧವಾರ ಪೇಠೆಯಲ್ಲಾಗಲಿ ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಾಗಲಿ ಸುಲಭವಾಗಿ ಸಿಗುತ್ತವೆ. ನಿಖರ ಓಪ್‌ಆಂಪನ್ನು ಮಾತ್ರ ಅಧಿಕೃತ ವಿತರಕರಿಂದಲೇ ತರಿಸುತ್ತೇವೆ, ಪರ್ಚೇಸಿನವರು ಎಷ್ಟೇ ಗೊಣಗಿದರೂ.

ರೆಸಿಸ್ಟರುಗಳ ಬೆಲೆಗಿಂತ ಅವುಗಳ ಹೊಂದಾಣಿಕೆಯನ್ನು ನೋಡಬೇಕು. ಶೇಕಡಾ 1ರ ಎರಡು ಎಂಎಫ್‌ಆರ್ (ಮೆಟಲ್ ಫಿಲ್ಮ್ ರೆಸಿಸ್ಟರ್) ವಿರುದ್ಧ ದಿಕ್ಕಿಗೆ ತಪ್ಪಿದರೆ −1ರ ಗೇನ್ ಶೇಕಡಾ 2ರಷ್ಟು ಕೆಡುತ್ತದೆ, ಒಳಬರುವ ಡಿಸಿಯಲ್ಲಿ ಶೇಕಡಾ 1ರಷ್ಟು ಹೊರಗೆ ನುಸುಳುತ್ತದೆ. ಒಂದೇ ಪ್ಯಾಕಿನೊಳಗಿನ ರೆಸಿಸ್ಟರ್ ನೆಟ್‌ವರ್ಕಿನಲ್ಲಿ ಎರಡೂ ಒಟ್ಟಿಗೆ ಬಿಸಿಯಾಗುವುದರಿಂದ ಅನುಪಾತ ಹೆಚ್ಚು ಕದಲುವುದಿಲ್ಲ.

ಫೇಸಿನ ವಿಷಯದಲ್ಲಿ ಹಲವರು ಅರ್ಧ ಲೆಕ್ಕವನ್ನಷ್ಟೇ ಹಾಕುತ್ತಾರೆ. ರೆಫರೆನ್ಸ್ 5 ಡಿಗ್ರಿ ತಪ್ಪಿದರೆ ಗೇನ್ ಇಳಿಯುವುದು ಶೇಕಡಾ 0.4 ಮಾತ್ರ, ಅದನ್ನು ಕ್ಯಾಲಿಬ್ರೇಶನ್ನಿನಲ್ಲಿ ಸರಿಪಡಿಸಬಹುದು. ಆದರೆ ಕೋರ್ ನಡುವಿನಲ್ಲಿದ್ದಾಗಲೂ 90 ಡಿಗ್ರಿ ಸರಿದ ಸಣ್ಣ ವೋಲ್ಟೇಜೊಂದು ಉಳಿದಿರುತ್ತದೆ. ಅದು ಪೂರ್ಣ ಸಿಗ್ನಲಿನ ಶೇಕಡಾ 1ರಷ್ಟಿದ್ದರೆ ಅದೇ 5 ಡಿಗ್ರಿಯಿಂದ ಸೊನ್ನೆಯಲ್ಲಿ ಸುಮಾರು 0.9 ಮೈಕ್ರಾನ್ ತಪ್ಪು ಕಾಣುತ್ತದೆ. ಆದ್ದರಿಂದ ಫೇಸ್ ತಿದ್ದುವ ಕೆಪಾಸಿಟರ್ ಪಾಲಿಪ್ರೊಪಿಲೀನ್ ಅಥವಾ ಸಿ0ಜಿ (ಬಿಸಿಗೆ ಬೆಲೆ ಬದಲಾಗದ ಸೆರಾಮಿಕ್) ಆಗಿರಬೇಕು. 20 ಹರ್ಟ್ಸಿನ ಫಿಲ್ಟರಿಗೆ ಪಾಲಿಯೆಸ್ಟರ್ ಸಾಕು. ಎಕ್ಸ್7ಆರ್ ಬಗೆಯ ಸೆರಾಮಿಕ್ ಬೇಡ, ಪಕ್ಕದಲ್ಲಿ ಪ್ರೆಸ್ ಬಡಿದಾಗಲೆಲ್ಲ ಅದು ತಾನೇ ವೋಲ್ಟೇಜು ಹುಟ್ಟಿಸುತ್ತದೆ.

ಚೌಕ ಅಲೆಯಿಂದ ಗುಣಿಸುವುದಕ್ಕೂ ಒಂದು ಬೆಲೆಯಿದೆ: 15 ಕಿಲೋಹರ್ಟ್ಸಿನ ಗದ್ದಲವೂ ಮೂರನೇ ಒಂದು ಭಾಗದಷ್ಟು ಒಳಗೆ ಬರುತ್ತದೆ, ಆದ್ದರಿಂದ ಮಿಕ್ಸರಿಗೆ ಮೊದಲು ಬ್ಯಾಂಡ್‌ಪಾಸ್ (5 ಕಿಲೋಹರ್ಟ್ಸಿನ ಆಸುಪಾಸನ್ನಷ್ಟೇ ಬಿಡುವ ಫಿಲ್ಟರ್) ಇಡುತ್ತೇವೆ. ಆದರೆ ಹತ್ತಿರದ ಮೋಟಾರ್ ಡ್ರೈವಿನ ಕ್ಯಾರಿಯರ್ 5 ಕಿಲೋಹರ್ಟ್ಸಿನ ಆಸುಪಾಸಿನಲ್ಲೇ ಇದ್ದರೆ ಬ್ಯಾಂಡ್‌ಪಾಸಿನಿಂದ ಏನೂ ಆಗದು. 3 ಹರ್ಟ್ಸ್ ವ್ಯತ್ಯಾಸವಿದ್ದರೆ ಮುಟ್ಟದೆ ಇಟ್ಟ ಗೇಜಿನ ಅಂಕಿಯೂ ಸೆಕೆಂಡಿಗೆ ಮೂರು ಸಲ ತೂಗಾಡುತ್ತದೆ. ಅದಕ್ಕಾಗಿ ಬೋರ್ಡಿನಲ್ಲಿ ಎಕ್ಸೈಟೇಶನ್ (ಪ್ರೈಮರಿಗೆ ಕೊಡುವ ಅಲೆಯ) ಆವರ್ತನ ಬದಲಿಸಲು ಒಂದು ಜಂಪರ್ ಕೊಟ್ಟಿದ್ದೇವೆ. ಆವರ್ತನ ಬದಲಾದರೆ ಫೇಸೂ ಬದಲಾಗುವುದರಿಂದ, ಅದೇ ಜಂಪರು ಫೇಸ್ ತಿದ್ದುವ ಎರಡನೇ ಕೆಪಾಸಿಟರನ್ನೂ ಜೋಡಿಸುತ್ತದೆ.