ಕಣ್ಣು ನಡೆಯಿತು, ಕಾಲು ನಡೆಯಲಿಲ್ಲ

2024ರ ಆಗಸ್ಟ್ 18, ಭಾನುವಾರ, ರಾತ್ರಿ

ವಿಡಿಯೊ ಆಟ ಆಡುವಾಗ ನನಗೆ ತಲೆ ತಿರುಗಿ ವಾಕರಿಕೆ ಬರುತ್ತದೆ. ಇಂದು ಆಡಲು ಆದದ್ದು 11 ನಿಮಿಷ. ಗಡಿಯಾರ ನೋಡಿಯೇ ಬರೆಯುತ್ತಿದ್ದೇನೆ. ಮೊದಲ ಆಕಳಿಕೆ ಬಂದ ಕೂಡಲೇ ಕಂಟ್ರೋಲರ್ ಕೆಳಗಿಟ್ಟೆ. ನಿದ್ದೆಗೂ ಆ ಆಕಳಿಕೆಗೂ ಸಂಬಂಧವಿಲ್ಲ ಎಂಬುದು ಈ ಮೂರು ವಾರಗಳಲ್ಲಿ ನನಗೆ ತಿಳಿದಿದೆ. ಹೊಟ್ಟೆ ತೊಳಸುವುದಕ್ಕೆ ಬಹಳ ಮುಂಚೆಯೇ ಅದು ಬರುತ್ತದೆ. ಬೆನ್ನಿಗೇ ಬಾಯಲ್ಲಿ ನೀರು ತುಂಬುತ್ತದೆ, ಎಷ್ಟು ಸಲ ನುಂಗಿದರೂ ಮತ್ತೆ ತುಂಬುತ್ತದೆ. ಮೇಲ್ದುಟಿಯ ಮೇಲೆ ತಣ್ಣನೆಯ ಬೆವರು ಒಡೆಯುತ್ತದೆ. ಅಷ್ಟರಲ್ಲಿ ನಿಲ್ಲಿಸದಿದ್ದರೆ ಆಮೇಲಿನದು ನನ್ನ ಕೈಯಲ್ಲಿ ಇರುವುದಿಲ್ಲ.

ಮಗನಿಗೆ 11 ವರ್ಷ. ಚೌಕ ಚೌಕ ಕಲ್ಲು, ಮರ, ಮಣ್ಣುಗಳನ್ನು ಒಂದರ ಮೇಲೊಂದು ಇಟ್ಟು ಊರು ಕಟ್ಟುವ ಆಟದಲ್ಲಿ ಎರಡು ತಿಂಗಳಿಂದ ಒಂದು ಮನೆ ಕಟ್ಟುತ್ತಿದ್ದಾನೆ. ಮೂರು ವಾರಗಳ ಹಿಂದಿನ ಭಾನುವಾರ "ಅಮ್ಮ, ಹೊರಗಿನಿಂದ ನೋಡಿದರೆ ಆಗುವುದಿಲ್ಲ, ನೀನೇ ಒಳಗೆ ನಡೆದುಕೊಂಡು ಬಾ" ಎಂದು ಕಂಟ್ರೋಲರ್ ನನ್ನ ಕೈಗಿಟ್ಟ. ಪಾತ್ರದ ಕಣ್ಣಿನಿಂದಲೇ ಲೋಕವನ್ನು ಕಾಣುವ ಆಟ ಅದು. ಬಾಗಿಲು ದಾಟಿದೆ, ಅಂಗಳ ದಾಟಿದೆ. ಅವನು ಹೊಳೆಯ ದಡದಿಂದ ಹೂವಿನ ಗಿಡಗಳನ್ನು ಕಿತ್ತು ತಂದು ಸಾಲಾಗಿ ನೆಟ್ಟಿದ್ದ. ಆ ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ತಲೆ ಭಾರವಾಗಿತ್ತು. ಅವನ ಮುಖ ನೋಡಿ ನಿಲ್ಲಿಸಲು ಮನಸ್ಸಾಗಲಿಲ್ಲ. 40 ನಿಮಿಷ ತಡೆದುಕೊಂಡೆ. ನಂತರ ಸಂಜೆಯವರೆಗೆ ನೆಲದ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ಮಲಗಿದ್ದರೂ ಹೂವಿನ ಸಾಲು ಕಣ್ಣೊಳಗೆ ಜರುಗುತ್ತಲೇ ಇತ್ತು. ಅವನು ಒಂದು ಲೋಟ ನೀರು ತಂದಿಟ್ಟು, ಏನೂ ಮಾತನಾಡದೆ ಪಕ್ಕದಲ್ಲಿ ಕುಳಿತ. ತನ್ನ ಮನೆಯೇ ಅಮ್ಮನಿಗೆ ಕೇಡು ಮಾಡಿತು ಎಂದು ಅವನು ಅಂದುಕೊಂಡಿದ್ದು ನನಗೆ ಮರುದಿನ ಗೊತ್ತಾಯಿತು. ಅಂದಿನಿಂದ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಅವನಿಗೆ ಸರಿಯಾದ ಉತ್ತರ ಕೊಡಬೇಕಿತ್ತು.

ಉತ್ತರ ಇರುವುದು ಕಿವಿಯಲ್ಲಿ. ಒಳಗಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ, ಅವುಗಳ ತುಂಬ ದ್ರವ. ತಲೆ ತಿರುಗಿಸಿದಾಗ ಆ ದ್ರವ ಒಂದು ಕ್ಷಣ ಹಿಂದೆ ಉಳಿಯುತ್ತದೆ, ಅಲ್ಲಿರುವ ಸೂಕ್ಷ್ಮ ರೋಮಗಳು ಬಾಗುತ್ತವೆ, ಯಾವ ಕಡೆಗೆ ಎಷ್ಟು ತಿರುಗಿದೆವು ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಪಕ್ಕದ ಎರಡು ಪುಟ್ಟ ಚೀಲಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳಿವೆ. ಮುಂದೆ ಹೊರಟೆವೋ, ನಿಂತೆವೋ, ನೆಲ ಯಾವ ಕಡೆಗಿದೆ ಎಂಬುದನ್ನೆಲ್ಲ ಅವು ಹೇಳುತ್ತವೆ. ಆಟದ ಮುಂದೆ ಕುಳಿತಾಗ ಇವೆಲ್ಲ ಒಂದೇ ದನಿಯಲ್ಲಿ "ಕುಳಿತಿದ್ದೇವೆ" ಎನ್ನುತ್ತವೆ. ಕಣ್ಣು ಮಾತ್ರ "ಓಡುತ್ತಿದ್ದೇವೆ, ಈಗ ಎಡಕ್ಕೆ ತಿರುಗಿದೆವು, ಈಗ ಹಾರಿದೆವು" ಎನ್ನುತ್ತದೆ. ನಿಂತ ರೈಲಿನಲ್ಲಿ ಕುಳಿತಿದ್ದಾಗ ಪಕ್ಕದ ರೈಲು ಹೊರಟರೆ ನಮ್ಮದೇ ಹೊರಟಿತು ಅನ್ನಿಸುತ್ತದಲ್ಲ, ಆ ಭ್ರಮೆಯೇ ಇದು. ಭೌತವಿಜ್ಞಾನಿ ಎರ್ನ್ಸ್ಟ್ ಮಾಖ್ 1875ರಲ್ಲಿಯೇ ಅದರ ಬಗ್ಗೆ ಬರೆದಿದ್ದರು. ರೈಲಿನಲ್ಲಿ ಅದು ಎರಡು ಕ್ಷಣದಲ್ಲಿ ಮುಗಿಯುತ್ತದೆ. ಆಟದಲ್ಲಿ ಗಂಟೆಗಟ್ಟಲೆ ನಡೆಯುತ್ತದೆ.

ಬಸ್ಸಿನಲ್ಲಿ ಪುಸ್ತಕ ಓದುವವರಿಗೆ ಆಗುವುದು ಇದರ ತಿರುವುಮುರುವು. ಅಲ್ಲಿ ಕಿವಿ ಚಲನೆಯನ್ನು ಹೇಳುತ್ತದೆ, ಕಣ್ಣು ಅಕ್ಷರಗಳ ಮೇಲೆ ನಿಂತಿರುತ್ತದೆ. ಜಗಳ ಒಂದೇ, ಪಾಳಿ ಅದಲುಬದಲು. ಈ ಜಗಳಕ್ಕೆ ಒಳಗಿವಿ ಬೇಕೇ ಬೇಕು. ಒಳಗಿವಿಯ ಈ ಭಾಗ ಕೆಲಸ ಮಾಡದ ಕಿವುಡರಿಗೆ ಗಿರಗಿರನೆ ತಿರುಗಿಸಿದರೂ ತಲೆಸುತ್ತು ಬರುವುದಿಲ್ಲ ಎಂಬುದನ್ನು ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1882ರಲ್ಲಿ ಗುರುತಿಸಿದ್ದರು.

ಆದರೆ ಕಣ್ಣು ಕಿವಿಗಳು ಜಗಳವಾಡಿದರೆ ಹೊಟ್ಟೆಗೇಕೆ ಶಿಕ್ಷೆ? ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದು. ಮಿಶೆಲ್ ಟ್ರೈಸ್ಮನ್ ಎಂಬ ಮನೋವಿಜ್ಞಾನಿ 1977ರಲ್ಲಿ ಒಂದು ಊಹೆ ಮುಂದಿಟ್ಟರು. ಇಂದ್ರಿಯಗಳ ಸುದ್ದಿ ಹೀಗೆ ಒಂದಕ್ಕೊಂದು ತಾಳೆಯಾಗದೆ ಹೋಗುವುದು ಆದಿಯಲ್ಲಿ ಹೆಚ್ಚಾಗಿ ವಿಷ ತಿಂದಾಗ. ಆದ್ದರಿಂದ ತಾಳ ತಪ್ಪಿದ ಕೂಡಲೇ ದೇಹ ವಿಷವೆಂದೇ ಬಗೆದು ಹೊಟ್ಟೆಯಲ್ಲಿ ಇದ್ದುದನ್ನು ಹೊರಹಾಕಲು ನೋಡುತ್ತದೆ. ಇದನ್ನು ಎಲ್ಲರೂ ಒಪ್ಪಿಲ್ಲ. 1991ರಲ್ಲಿ ರಿಚಿಯೊ ಮತ್ತು ಸ್ಟಾಫ್ರೆಗನ್ ಎಂಬ ಸಂಶೋಧಕರು ಬೇರೆಯೇ ಮಾತು ಹೇಳಿದರು: ಮೈಯ ಸಮತೋಲವನ್ನು ಹಿಡಿದಿಟ್ಟುಕೊಳ್ಳಲು ಆಗದ ಸ್ಥಿತಿ ಬಹಳ ಹೊತ್ತು ಮುಂದುವರಿದರೆ ಈ ಸಂಕಟ ಹುಟ್ಟುತ್ತದೆ. ಅವರ ಮಾತಿನಲ್ಲಿಯೂ ಹುರುಳಿದೆ ಎಂದು ನನಗೆ ಅನ್ನಿಸಿದ್ದು ಮಗ ಒಂದು ವಿಷಯ ತೋರಿಸಿಕೊಟ್ಟ ಮೇಲೆ. "ಅಮ್ಮ, ನೀನು ತಿರುವಿನಲ್ಲಿ ವಾಲುತ್ತೀಯ" ಎಂದ. ಹೌದು, ಪರದೆಯ ದಾರಿ ಬಲಕ್ಕೆ ಹೊರಳಿದಾಗ ನನ್ನ ಭುಜವೂ ಬಲಕ್ಕೆ ಹೋಗುತ್ತಿತ್ತು. ನನಗೆ ಅರಿವೇ ಇರಲಿಲ್ಲ. ಈಗ ಬೆನ್ನಿಗೂ ತಲೆಗೂ ಒರಗು ಇರುವ ಕುರ್ಚಿಯಲ್ಲಿ ಕುಳಿತು ಆಡುತ್ತೇನೆ.

ಆದರೂ ಅವನಿಗೆ ಹೇಳಿದ್ದು ಟ್ರೈಸ್ಮನ್ ಅವರ ಊಹೆಯನ್ನೇ. "ನಿನ್ನ ಮನೆ ಏನೂ ಮಾಡಲಿಲ್ಲ. ಅಮ್ಮ ಏನೋ ವಿಷ ತಿಂದಿರಬೇಕು ಎಂದು ನನ್ನ ದೇಹ ಹೆದರಿತು, ನನ್ನನ್ನು ಉಳಿಸಿಕೊಳ್ಳಲು ಹೊರಟಿತು" ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಅದು ಒಳ್ಳೆಯದೇ ಅಲ್ಲವೇ?" ಎಂದ. ಒಳ್ಳೆಯದೇ. ಎದೆ ಹಗುರವಾಯಿತು.

ಓದುವಾಗ ಒಂದು ಪದ ಸಿಕ್ಕಿತು. ವಾಕರಿಕೆಗೆ ಇಂಗ್ಲಿಷಿನಲ್ಲಿ ನಾಸಿಯಾ ಎನ್ನುತ್ತಾರೆ. ಅದು ಹುಟ್ಟಿದ್ದು ಗ್ರೀಕಿನ ನೌಸ್ ಎಂಬ ಪದದಿಂದ. ನೌಸ್ ಎಂದರೆ ಹಡಗು. ನಾವು ಹೇಳುವ ನೌಕೆ, ನಾವಿಕ ಇವೂ ಅದೇ ಬೇರಿನವು. ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಎಷ್ಟು ಹಳೆಯ ಸಂಕಟ ಇದು! ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಸುತ್ತಿದರು. ಕಡಲಬೇನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಬ್ರಿಟನ್ನಿನ ನೌಕಾಪಡೆಯನ್ನೇ ನಡೆಸಿದ ನೆಲ್ಸನ್ ಅವರಿಗೂ ಇತ್ತು.

ಇದನ್ನು ನೆನೆಯುವುದಕ್ಕೆ ಕಾರಣವಿದೆ. ನನಗೆ ಹೀಗಾಗುತ್ತದೆ ಎಂದು ಹೇಳಿದಾಗಲೆಲ್ಲ ಎದುರಿನವರು ಕೊಡುವ ಸಲಹೆ ಒಂದೇ: "ತಡೆದುಕೊಂಡು ಆಡಿ, ಅಭ್ಯಾಸವಾಗುತ್ತದೆ." ಹೇಳುವವರ ಮನಸ್ಸು ಒಳ್ಳೆಯದೇ, ಆದರೆ ಈ ಸಲಹೆ ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಅಭ್ಯಾಸವಾಗುವುದು ನಿಜ, ಬಹಳ ಮಂದಿಗೆ ಆಗುತ್ತದೆ. ಆದರೆ ಅದು ಆಗುವುದು ಸಂಕಟ ಶುರುವಾಗುವ ಮೊದಲೇ ನಿಲ್ಲಿಸಿ, ಪೂರ್ತಿ ಚೇತರಿಸಿಕೊಂಡು, ಇನ್ನೊಂದು ದಿನ ಮತ್ತೆ ಕುಳಿತಾಗ. ಹಲ್ಲು ಕಚ್ಚಿ ಕುಳಿತರೆ ಆಗುವುದೇ ಬೇರೆ. ಆ 40 ನಿಮಿಷಗಳ ನಂತರ ನಾಲ್ಕು ದಿನ ಆಟದ ಆರಂಭದ ಸಂಗೀತ ಪಕ್ಕದ ಕೋಣೆಯಿಂದ ಕೇಳಿದರೂ ನನ್ನ ಬಾಯಲ್ಲಿ ನೀರೂರುತ್ತಿತ್ತು. ಪರದೆ ಕಾಣಿಸುತ್ತಲೂ ಇರಲಿಲ್ಲ. ದೇಹ ಕಲಿತಿತ್ತು, ಕಲಿಯಬಾರದ್ದನ್ನು ಕಲಿತಿತ್ತು.

ಇದು ಗಟ್ಟಿತನದ ಪ್ರಶ್ನೆಯಲ್ಲ ಎಂಬುದಕ್ಕೆ ಪೈಲಟ್‌ಗಳ ಕತೆಯಿದೆ. 1957ರಲ್ಲಿ ಹೆಲಿಕಾಪ್ಟರ್ ಸಿಮ್ಯುಲೇಟರ್, ಅಂದರೆ ನೆಲದ ಮೇಲೆಯೇ ಹಾರಾಟದ ಅನುಭವ ಕೊಡುವ ಯಂತ್ರ, ಒಂದರಲ್ಲಿ ತರಬೇತಿ ಪಡೆದವರ ಬಗ್ಗೆ ಹ್ಯಾವ್ರನ್ ಮತ್ತು ಬಟ್ಲರ್ ಎಂಬ ಸಂಶೋಧಕರು ವರದಿ ಬರೆದರು. ಸಿಮ್ಯುಲೇಟರ್ ಬೇನೆಯ ಬಗೆಗಿನ ಮೊದಲ ವರದಿಗಳಲ್ಲಿ ಅದೊಂದು. ಹೊಸಬರಿಗಿಂತ ನಿಜವಾದ ಹೆಲಿಕಾಪ್ಟರಿನಲ್ಲಿ ಪಳಗಿದ ಬೋಧಕರಿಗೇ ಅಲ್ಲಿ ಹೆಚ್ಚು ಸಂಕಟವಾಗಿತ್ತು. ಹಾರುವುದೆಂದರೆ ಮೈಗೆ ಹೇಗಿರಬೇಕೆಂದು ಚೆನ್ನಾಗಿ ಗೊತ್ತಿದ್ದವರೇ ಅಲ್ಲಿ ಹೆಚ್ಚು ಬಳಲಿದರು. ಸಿಮ್ಯುಲೇಟರಿನಿಂದ ಇಳಿದ ಪೈಲಟ್‌ಗಳು ಕೆಲವು ಗಂಟೆಗಳ ಕಾಲ ನಿಜವಾದ ವಿಮಾನ ಹಾರಿಸಬಾರದು ಎಂಬ ಕಟ್ಟಳೆ ಅಮೆರಿಕದ ಸೇನಾ ತರಬೇತಿಯಲ್ಲಿ ಬಂದದ್ದೂ ಈ ಅನುಭವದಿಂದಲೇ. ಆಟವಾಡಿ ತಲೆ ತಿರುಗಿದವರು ಕೂಡಲೇ ಗಾಡಿಯ ಕೀಲಿ ಕೈಗೆತ್ತಿಕೊಳ್ಳಬಾರದು. ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಎರಡನೆಯ ವಾರ ನಾನು ಮಾಡಿದ ತಪ್ಪು ಇನ್ನೊಂದು. ನಾನು ಆಡುವುದು ಬೇಡ, ಅವನು ಆಡಲಿ, ನಾನು ಪಕ್ಕದಲ್ಲಿ ನೋಡುತ್ತೇನೆ ಎಂದುಕೊಂಡೆ. ಆರೇ ನಿಮಿಷಕ್ಕೆ ಎದ್ದು ಹೋದೆ. ಕಾರು ಓಡಿಸುವವರಿಗೆ ಬಾರದ ವಾಂತಿ ಹಿಂದೆ ಕುಳಿತವರಿಗೆ ಬರುತ್ತದೆ, ಗೊತ್ತೇ ಇದ್ದ ವಿಷಯ, ಆದರೆ ಹೊಳೆದಿರಲಿಲ್ಲ. ರೋಲ್ನಿಕ್ ಮತ್ತು ಲುಬೋ ಎಂಬ ಸಂಶೋಧಕರು ಇದನ್ನೇ 1991ರಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. ಇಬ್ಬಿಬ್ಬರನ್ನು ಒಂದೇ ರೀತಿ ತಿರುಗಿಸಿ, ತಿರುಗಿಸುವ ಹಿಡಿತವನ್ನು ಒಬ್ಬರ ಕೈಗೆ ಮಾತ್ರ ಕೊಟ್ಟರು. ಹಿಡಿತ ಇದ್ದವರಿಗೆ ಬೇನೆ ಕಡಿಮೆ. ಮುಂದೆ ಬರುವ ತಿರುವು ಕೈಗೆ ಮೊದಲೇ ಗೊತ್ತಿರುತ್ತದೆ, ಮಿದುಳು ಸಿದ್ಧವಾಗಿರುತ್ತದೆ.

ಕಳೆದ ಗುರುವಾರ ಇಬ್ಬರೂ ಕುಳಿತು ಆಟದ ಸೆಟ್ಟಿಂಗ್ಸ್ ಒಂದೊಂದಾಗಿ ತೆರೆದು ನೋಡಿದೆವು. ಮೊದಲು ಸಿಕ್ಕಿದ್ದು ನಡೆಯುವಾಗ ದೃಶ್ಯ ಮೇಲೆ ಕೆಳಗೆ ಕುಲುಕುವಂತೆ ಮಾಡುವ ಆಯ್ಕೆ. ನಡಿಗೆ ಸಹಜವಾಗಿ ಕಾಣಲಿ ಎಂದು ಅದನ್ನು ಇಟ್ಟಿದ್ದಾರೆ. ಆದರೆ ನಿಜವಾಗಿ ನಡೆಯುವಾಗ ನಮಗೆ ಲೋಕ ಕುಲುಕಿದಂತೆ ಕಾಣುವುದೇ ಇಲ್ಲ, ಏಕೆಂದರೆ ಒಳಗಿವಿಯ ಸುದ್ದಿ ಹಿಡಿದು ಕಣ್ಣುಗುಡ್ಡೆ ತಾನಾಗಿಯೇ ಪ್ರತಿ ಹೆಜ್ಜೆಯನ್ನೂ ಸರಿದೂಗಿಸುತ್ತದೆ. ಪರದೆಯ ಕುಲುಕಾಟಕ್ಕೆ ಅಂಥ ರಕ್ಷಣೆ ಇಲ್ಲ. ಅದನ್ನು ನಿಲ್ಲಿಸಿದೆವು. ಅದೊಂದರಿಂದಲೇ ಅರ್ಧ ಸಂಕಟ ಹೋಯಿತು ಎಂದರೆ ನಂಬಬೇಕು. ತಿರುಗುವಾಗ ದೃಶ್ಯ ಮಸುಕಾಗುವುದನ್ನೂ ನಿಲ್ಲಿಸಿದೆವು, ತಿರುಗುವ ವೇಗ ತಗ್ಗಿಸಿದೆವು. ನೋಟದ ಅಗಲ ಎಂಬ ಆಯ್ಕೆಯ ಜೊತೆ ಹೆಚ್ಚು ಹೊತ್ತು ಕಳೆದೆವು. ಅದು ಕಿರಿದಾಗಿದ್ದರೆ ದುರ್ಬೀನಿನಲ್ಲಿ ನೋಡುತ್ತ ನಡೆದಂತೆ. ಕೈ ಸ್ವಲ್ಪ ಅಲುಗಿದರೂ ಇಡೀ ಲೋಕ ಹಾರುತ್ತದೆ. ತೀರಾ ಅಗಲವಾದರೆ ಅಂಚುಗಳು ಎಳೆದಂತಾಗಿ ಅಲ್ಲೂ ತೊಂದರೆ. 70 ಡಿಗ್ರಿಯಿಂದ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋಗಿ 85ರಲ್ಲಿ ನಿಂತೆವು. ನನಗೆ ಒಗ್ಗಿದ್ದು ಅದು, ಇನ್ನೊಬ್ಬರಿಗೆ ಬೇರೆ ಇರಬಹುದು.

ಕೋಣೆಯ ದೀಪ ಹಾಕಿ, ಕುರ್ಚಿ ಹಿಂದಕ್ಕೆ ಸರಿಸಿಕೊಂಡೆ. ಚಲನೆಯ ಭ್ರಮೆಯನ್ನು ಹೆಚ್ಚಾಗಿ ಹುಟ್ಟಿಸುವುದು ಕಣ್ಣಿನ ಅಂಚಿನ ನೋಟ. ಅಂಚಿನಲ್ಲಿ ಅಲುಗಾಡದ ಗೋಡೆ, ಕಿಟಕಿ ಕಾಣುತ್ತಿದ್ದರೆ ಮಿದುಳಿಗೆ ಹಿಡಿದುಕೊಳ್ಳಲು ಏನೋ ಒಂದು ಇರುತ್ತದೆ. ಪ್ರಯಾಣಕ್ಕೆ ಮುಂಚೆ ನುಂಗುವ ಮಾತ್ರೆಗಳ ಬಗ್ಗೆಯೂ ಓದಿದೆ. ಅವುಗಳಲ್ಲಿ ಬಹುಪಾಲು ತೂಕಡಿಕೆ ತರುತ್ತವೆ. ಮಗನ ಜೊತೆ ತೂಕಡಿಸುತ್ತ ಕೂರುವುದು ನನಗೆ ಬೇಡವಾಗಿತ್ತು.

ಪರದೆಯ ನಡುವೆ ಒಂದು ಸಣ್ಣ ಚುಕ್ಕೆ ಇರಿಸಿಕೊಳ್ಳುವ ಉಪಾಯ ನನಗೆ ಬಹಳ ಹಿಡಿಸಿತು. 2008ರಲ್ಲಿ ಬಂದ ಮಿರರ್ಸ್ ಎಡ್ಜ್ ಎಂಬ ಆಟದಲ್ಲಿ ಮಹಡಿಯಿಂದ ಮಹಡಿಗೆ ಹಾರುತ್ತ ಓಡುವುದೇ ಕೆಲಸ. ಆಡುವವರಿಗೆ ತಲೆ ತಿರುಗದಿರಲಿ ಎಂದು ಅದನ್ನು ಮಾಡಿದವರು ನಟ್ಟನಡುವೆ ಒಂದು ಚುಕ್ಕೆಯನ್ನು ಇಟ್ಟರು. ಗಿರಕಿ ಹೊಡೆಯುವ ನರ್ತಕಿ ಪ್ರತಿ ಸುತ್ತಿನಲ್ಲೂ ಒಂದೇ ಬಿಂದುವಿಗೆ ದೃಷ್ಟಿ ತಂದು ನಿಲ್ಲಿಸುವಂತೆ, ಕಣ್ಣು ಆ ಚುಕ್ಕೆಯಲ್ಲಿ ನೆಲೆಯಾಗುತ್ತದೆ. ದ ಲಾಸ್ಟ್ ಆಫ್ ಅಸ್ ಭಾಗ 2 ಎಂಬ 2020ರ ಆಟದಲ್ಲಂತೂ ತಲೆಸುತ್ತು ಬರುವವರಿಗೆಂದೇ ಇಂಥ ಆಯ್ಕೆಗಳನ್ನು ಒಟ್ಟುಗೂಡಿಸಿ ಇಟ್ಟಿದ್ದಾರೆ. ಎಲ್ಲ ಆಟಗಳಲ್ಲೂ ಹೀಗಿರಬೇಕು, ಅದೂ ಆಟ ತೆರೆದ ಮೊದಲ ಪರದೆಯಲ್ಲಿಯೇ. ಸಂಕಟ ಶುರುವಾದ ಮೇಲೆ ಮೂರು ಪುಟಗಳ ಒಳಗೆ ಹುಡುಕುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಪಾತ್ರದ ಕಣ್ಣಿನಿಂದಲೇ ನೋಡುತ್ತ ಆಡುವ ಡೂಮ್ ಎಂಬ ಆಟ ಬಂದದ್ದು 1993ರಲ್ಲಿ. ಅದನ್ನು ಆಡಿ ಹೊಟ್ಟೆ ಹಿಡಿದುಕೊಂಡವರು ಆಗಲೇ ಇದ್ದರು. ಮೂವತ್ತು ವರ್ಷ ಸಾಲದೇ?

ಇಂದಿನ 11 ನಿಮಿಷದ ಮಾತಿಗೆ ಬರುತ್ತೇನೆ. ಕಂಟ್ರೋಲರ್ ಇಟ್ಟು, ಕಿಟಕಿಯಾಚೆ ದೂರಕ್ಕೆ ನೋಡುತ್ತ ಕುಳಿತೆ. ಹೆಚ್ಚು ಹೊತ್ತು ಹಿಡಿಯಲಿಲ್ಲ, ಕಾಲು ಗಂಟೆಯಲ್ಲಿ ಸರಿಹೋಯಿತು. ಆಗ ಮಗ, "ಉಳಿದದ್ದನ್ನು ನಾನು ನಿಧಾನವಾಗಿ ತೋರಿಸಲೇ? ತಿರುಗುವ ಮೊದಲು ಹೇಳುತ್ತೇನೆ" ಎಂದ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಅಮ್ಮ, ಎಡಕ್ಕೆ" ಎನ್ನುತ್ತಾನೆ, ಒಂದು ಕ್ಷಣ ತಡೆಯುತ್ತಾನೆ, ಆಮೇಲೆ ತಿರುಗುತ್ತಾನೆ. "ಈಗ ಎರಡು ಮೆಟ್ಟಿಲು ಮೇಲೆ." ತಡೆಯುತ್ತಾನೆ, ಹತ್ತುತ್ತಾನೆ. ಹೀಗೆ ಅಡುಗೆಮನೆ ನೋಡಿದೆ, ಪುಸ್ತಕದ ಕಪಾಟುಗಳ ಕೋಣೆ ನೋಡಿದೆ, ನೀರಿನ ಕೊಳದ ಮೇಲೆ ಅವನು ಹಾಸಿದ ಗಾಜಿನ ನೆಲ ನೋಡಿದೆ. ನೋಡುತ್ತ ಕುಳಿತು 9 ನಿಮಿಷವಾದರೂ ಆಕಳಿಕೆ ಬರಲಿಲ್ಲ.

ಮಹಡಿಗೆ ಹೋಗಲು ಅವನು ಮಾಡಿರುವುದು ಸುತ್ತು ಮೆಟ್ಟಿಲು. ಅದರ ಬುಡದಲ್ಲಿ ನಿಂತು ಮೇಲಕ್ಕೊಮ್ಮೆ ನೋಡಿದ, ನನ್ನ ಕಡೆಗೊಮ್ಮೆ ನೋಡಿದ. "ಇದನ್ನು ಒಡೆದು ನೆಟ್ಟಗಿನ ಮೆಟ್ಟಿಲು ಹಾಕಿಬಿಡುತ್ತೇನೆ, ಒಂದೇ ದಿನದ ಕೆಲಸ" ಎಂದ. ಬೇಡವೇ ಬೇಡ ಎಂದೆ. ಅದನ್ನು ಕಟ್ಟಲು ಅವನಿಗೆ ಒಂದು ವಾರ ಹಿಡಿದಿತ್ತು. ಮೇಲೆ ಏನಿದೆ ಎಂದು ಕೇಳಿದರೆ ಹೇಳುವುದಿಲ್ಲ ಎಂದ, ನೀನೇ ಬಂದು ನೋಡಬೇಕಂತೆ.

ಒಟ್ಟು 14 ಮೆಟ್ಟಿಲು, ಎಣಿಸಿಕೊಂಡಿದ್ದೇನೆ. ಬುಧವಾರ ಮೊದಲ ಐದು.