ದಾರಿ ನೀರಿಗಿಳಿದ ಕತೆ, ಅಥವಾ 27 ಮೀಟರ್ ಪೈಪು

ಸೆಪ್ಟೆಂಬರಿನಲ್ಲಿ ಕಲಬುರಗಿ ಜಿಲ್ಲೆಯ ಚಂದ್ರಂಪಳ್ಳಿ ಜಲಾಶಯದ ಹಿನ್ನೀರಿನ ದಂಡೆಯಲ್ಲಿ ನಿಂತಾಗ, ಫೋನಿನ ಪ್ರಕಾರ ನಾನು ತಪ್ಪೇ ಮಾಡಿರಲಿಲ್ಲ. ನೀಲಿ ಚುಕ್ಕೆ, ಅಂದರೆ ನಾನು, ಕೆಂಪು ಗೆರೆಯ ಮೇಲೆ, ಅಂದರೆ ಹಿಂದೆ ಬರುವ ನಡಿಗೆಯವರಿಗಾಗಿ ಏಪ್ರಿಲಿನಲ್ಲಿ ನಾನೇ ನಡೆದು ಸೇವ್ ಮಾಡಿದ್ದ ದಾರಿಯ ಮೇಲೆ, ನೆಟ್ಟಗೆ ಕೂತಿತ್ತು. ಆದರೆ ಆ ಕೆಂಪು ಗೆರೆ ಅಲ್ಲಿಂದ ಮುಂದಕ್ಕೆ ನೀರೊಳಗೆ ಇಳಿದು, ನೂರಿಪ್ಪತ್ತು ಮೀಟರ್ ಒಳಗೇ ಸುತ್ತಾಡಿ, ಆಚೆ ದಂಡೆಯಲ್ಲಿ ಮೇಲೆದ್ದಿತ್ತು. ಹತ್ತು ಹೆಜ್ಜೆ ಹೋಗಿ ನೋಡಿದೆ, ನೀರು ಮೊಳಕಾಲಿಗೆ ಬಂತು. ಹಿಂದೆ ನಿಂತಿದ್ದ ಅಳಿಯ ಕೇಳಿದ: "ಮಾಮಾ, ನಿನ್ನ ದಾರಿ ನಡಿಯೋರಿಗೋ, ಈಸೋರಿಗೋ?"

ಏಪ್ರಿಲಿನಲ್ಲಿ ಟ್ರ್ಯಾಕ್ (ನಡೆದ ಹಾದಿಯ ಜಿಪಿಎಸ್ ದಾಖಲೆ) ಹಿಡಿದವರೆಲ್ಲ ಮಾಡುವ ತಪ್ಪು ಇದು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಿರುತ್ತದೆ, ಬಿರಿದ ಕೆಸರು ಕಾಲಿಗೆ ಗಟ್ಟಿ, ಮುಳ್ಳಿಲ್ಲ, ದನ ಓಡಾಡಿ ಹಾದಿ ಸವೆದಿರುತ್ತದೆ. ನಡೆದವರಿಗೆ ಸುಖ. ಆ ಸುಖವನ್ನೇ ದಾರಿ ಅಂದುಕೊಂಡು ಸೇವ್ ಮಾಡಿಬಿಡುತ್ತೇವೆ. ಮರಕ್ಕೋ ಬಂಡೆಗೋ ಬಣ್ಣ ಬಳಿದು ಗುರುತು ಹಾಕೋಣವೆಂದರೆ ಇದು ಚಿಂಚೋಳಿ ವನ್ಯಜೀವಿಧಾಮ. 2011ರಿಂದ ಈ 134.88 ಚದರ ಕಿಲೋಮೀಟರಿಗೆ ಆ ಹೆಸರಿದೆ. ಅನುಮತಿ ಪಡೆದು ಒಳಗೆ ಬಿಡಿಸಿಕೊಂಡವರು ಬ್ರಷ್ ಹಿಡಿದು ಹೋಗಬಾರದು. ಹಾಗಾಗಿ ಇರುವುದೊಂದೇ ಗುರುತು, ಫೈಲಿನಲ್ಲಿರುವ ಗೆರೆ. ಅದು ತಪ್ಪಿದರೆ ಹಿಂದೆ ಬರುವವರೆಲ್ಲ ಕೆಸರಿಗೆ.

ಇನ್ನುಳಿದ ಕೆಲಸ, ಅಂದರೆ ಗುಡ್ಡದ ಮೇಲಿನ ತುಂಡು, ತೇಗದ ನಡುವಿನ ಹಾದಿ, ಊಟಕ್ಕೆ ಕೂಡುವ ಬಂಡೆ, ಎಲ್ಲ ದೀಪಾವಳಿಯೊಳಗೇ ಮುಗಿದಿತ್ತು. ಅದರ ಬಗ್ಗೆ ಬರೆಯಲು ಏನೂ ಇಲ್ಲ. ಐದು ತಿಂಗಳು ತಿಂದದ್ದು ಒಂದೇ ಪ್ರಶ್ನೆ: ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತದೆ?

"ತುಂಬಿದ ದಿನ ಹೋಗಿ ದಂಡೆ ಹಿಡಿದು ನಡೆದರಾಯ್ತಲ್ಲ" ಅನ್ನುವವರು ಒಮ್ಮೆ ಹೋಗಿ ಬರಲಿ. ತುಂಬುವ ದಿನ ಮಳೆ ಇರುತ್ತದೆ, ಹಳ್ಳ ಮೈದುಂಬಿ ದಾಟಲು ಬಿಡುವುದಿಲ್ಲ, ನೀರಿನ ಅಂಚು ಜಾಲಿಮುಳ್ಳಿನ ಮೆಳೆಯೊಳಗೆ ಹೊಕ್ಕಿರುತ್ತದೆ.

ಮೊದಲು ಸೋಮಾರಿಯ ದಾರಿ ಹಿಡಿದೆ. ಫೋನಿನ ಜಿಪಿಎಸ್ ಎತ್ತರ ಓದಿ, ನಕ್ಷೆಯ ಎತ್ತರದ ಜೊತೆ ತಾಳೆ ನೋಡಿದೆ. ವ್ಯತ್ಯಾಸ 70 ಮೀಟರಿಗೂ ಹೆಚ್ಚು! ಫೋನ್ ಕೆಟ್ಟಿದೆ ಅಂತ ಅಂಗಡಿಗೆ ಒಯ್ಯುವವನಿದ್ದೆ. ಕೆಟ್ಟದ್ದು ಫೋನಲ್ಲ. ಜಿಪಿಎಸ್ ಎತ್ತರ ಅಳೆಯುವುದು ಲೆಕ್ಕಕ್ಕಾಗಿ ಮಾಡಿಕೊಂಡ, ಮೇಲೆ ಕೆಳಗೆ ತುಸು ಚಪ್ಪಟೆಯಾದ ನುಣುಪು ಗೋಳದಿಂದ, ನಕ್ಷೆ ಅಳೆಯುವುದು ಸಮುದ್ರಮಟ್ಟದಿಂದ. ಭೂಮಿಯ ಗುರುತ್ವ ಎಲ್ಲ ಕಡೆ ಒಂದೇ ಇಲ್ಲವಾದ್ದರಿಂದ ಈ ಎರಡೂ ಕೂಡುವುದಿಲ್ಲ. ಅದರಲ್ಲೂ ನಮ್ಮ ಪುಣ್ಯಕ್ಕೆ, ಆ ಗೋಳಕ್ಕಿಂತ ಸಮುದ್ರಮಟ್ಟ ಇಡೀ ಜಗತ್ತಿನಲ್ಲೇ ಅತಿ ಕೆಳಗೆ ಇಳಿದಿರುವ ತಗ್ಗು ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿದೆ, ಸುಮಾರು 106 ಮೀಟರ್. ಆ ತಗ್ಗಿನ ಇಳಿಜಾರಿನಲ್ಲಿ ನಾವೂ ಕೂತಿದ್ದೇವೆ. ಕೆಲವು ಆ್ಯಪ್‌ಗಳು ಇದನ್ನು ತಾವೇ ಸರಿ ಮಾಡಿಕೊಡುತ್ತವೆ, ಕೆಲವು ಮಾಡುವುದಿಲ್ಲ, ಯಾವುದು ಮಾಡುತ್ತದೆಂದು ಹೇಳುವುದೂ ಇಲ್ಲ. ಸರಿ ಮಾಡಿಕೊಂಡ ಮೇಲೂ ಫೋನಿನ ಎತ್ತರ ಐದಾರು ಮೀಟರ್ ಮೇಲೆ ಕೆಳಗೆ ಕುಣಿಯುತ್ತಲೇ ಇತ್ತು.

ಆಮೇಲೆ ಎಸ್‌ಆರ್‌ಟಿಎಂ. 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ ರೇಡಾರಿನಲ್ಲಿ ಅಳೆದ ಎತ್ತರ, 30 ಮೀಟರಿಗೊಂದು ಚೌಕ. ಅದರಿಂದ ಎತ್ತರದ ಗೆರೆ ಎಳೆದರೆ ಜಲಾಶಯದ ಸುತ್ತ ಎಷ್ಟು ಚೆಂದ ಬಂತೆಂದರೆ ಅನುಮಾನವೇ ಬಂತು. ನೀರಿದ್ದ ಕಡೆಯೆಲ್ಲ ಅದು ಸಪಾಟು ಮಾಡಿಬಿಟ್ಟಿದೆ, ಮರವಿದ್ದ ಕಡೆ ಮರದ ತಲೆಯನ್ನೇ ನೆಲ ಅಂದುಕೊಂಡಿದೆ.

ಮೂರನೆಯದು ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ. ಪುಕ್ಕಟೆ, 10 ಮೀಟರಿನ ಸ್ಪಷ್ಟತೆ, ಐದು ದಿನಕ್ಕೊಮ್ಮೆ. ನೀರು ಸಮೀಪದ ಅವಗೆಂಪು (ಕೆಂಪಿನಾಚೆಯ, ಕಣ್ಣಿಗೆ ಕಾಣದ) ಬೆಳಕನ್ನು ನುಂಗುತ್ತದೆ, ಹಸಿರನ್ನು ಒಂದಿಷ್ಟು ಹಿಂದಕ್ಕೆ ಕಳಿಸುತ್ತದೆ. ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ನೀರು ಬೇರೆ, ನೆಲ ಬೇರೆ. ನೀರು ಪೂರ್ತಿ ಏರಿದ ದಿನಗಳಲ್ಲೆಲ್ಲ ಮೋಡ. ಅಕ್ಟೋಬರಿನದೊಂದು ಚೊಕ್ಕ ಚಿತ್ರ ಸಿಕ್ಕಿತು. ಕಡಿದಾದ ದಂಡೆಗಳಲ್ಲಿ ಗೆರೆ ಅದ್ಭುತವಾಗಿ ಕೂತಿತು. ಹಳ್ಳಗಳು ಬಂದು ಸೇರುವ ಕಡೆ ಹಿನ್ನೀರು ಬೆರಳಿನಂತೆ ಚಾಚಿಕೊಂಡಿದೆ, ಆ ಮೂರು ಬೆರಳುಗಳಲ್ಲಿ ಮಾತ್ರ ಕೈಕೊಟ್ಟಿತು. ಅಲ್ಲಿ ನೀರ ಮೇಲೆ ಜೊಂಡು ಬೆಳೆದು ಹಸಿರಾಗಿತ್ತು. ಉಪಗ್ರಹಕ್ಕೆ ಅದು ಹೊಲದಂತೆ ಕಂಡಿತು.

ಅಷ್ಟಾದ ಮೇಲೆ ನನಗೆ ಬುದ್ಧಿ ಬಂತು, ಇದೇ ಈ ಐದು ತಿಂಗಳ ಗಳಿಕೆ. ಕಡಿದಾದ ಕಡೆ ನೀರು ಒಂದು ಮೀಟರ್ ಏರಿದರೆ ದಂಡೆ ಒಂದೋ ಎರಡೋ ಮೀಟರ್ ಸರಿಯುತ್ತದೆ, ಅಷ್ಟೆ. ಸಪಾಟು ಬೆರಳಿನಲ್ಲಿ ನೆಲ 40 ಮೀಟರಿಗೆ ಒಂದು ಮೀಟರ್ ಏರುತ್ತಿದ್ದರೆ, ಅದೇ ಒಂದು ಮೀಟರ್ ನೀರು ದಂಡೆಯನ್ನು 40 ಮೀಟರ್ ಹಿಂದಕ್ಕೆ ತಳ್ಳುತ್ತದೆ. ಅಂದರೆ ಇಡೀ ಜಲಾಶಯ ಸುತ್ತಿ ಅಳೆಯಬೇಕಿಲ್ಲ. ಮೂರೇ ಮೂರು ಬೆರಳು. ಅದಕ್ಕೆ ಉಪಗ್ರಹ ಬೇಡ, ಮನೆ ಕಟ್ಟುವ ಗೌಂಡಿಯ ಲೆವೆಲ್ ಪೈಪ್ ಸಾಕು: ನೀರು ತುಂಬಿದ ಪಾರದರ್ಶಕ ಪೈಪು, ಎರಡು ತುದಿ ಎಷ್ಟೇ ದೂರವಿದ್ದರೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ.

ಪೈಪಿನ ಕತೆ ಕೇಳಿ. ಕಲಬುರಗಿಯ ಒಂದು ಅಂಗಡಿಯಲ್ಲಿ 30 ಮೀಟರ್ ಅಂತ ಬರೆಸಿಕೊಂಡು ದುಡ್ಡು ಕೊಟ್ಟೆ. ಮನೆಯ ಮಾಳಿಗೆ ಮೇಲೆ ಬಿಚ್ಚಿ ಅಳೆದರೆ 27. ಹಿಂದಕ್ಕೆ ಒಯ್ದರೆ, "ಸರ, ಅದು ಚಳಿಗಿ ಕುಗ್ಗ್ತದ್ರಿ" ಅಂದ. ಮೂರು ಮೀಟರ್! ಈ ವಿಜ್ಞಾನಕ್ಕೆ ಅವನಿಗೆ ಯಾರಾದರೂ ಶಾಲು ಹೊದಿಸಬೇಕು. ಮೇಲಾಗಿ ಸುರುಳಿ ಸುತ್ತಿಟ್ಟ ಕಡೆಯೆಲ್ಲ ಮಡಿಕೆ ಬಿದ್ದಿತ್ತು. ಬಿಸಿನೀರಲ್ಲಿ ಅದ್ದಿ ಎಳೆದು ಸರಿ ಮಾಡಿದೆ. ನೀರು ಕಾಣಲೆಂದು ಹೋದ ವರ್ಷದ ಹೋಳಿಯ ಗುಲಾಬಿ ಬಣ್ಣ ಬೆರೆಸಿದೆವು. ಅಳಿಯನ ಅಂಗಿ ಇನ್ನೂ ಗುಲಾಬಿಯಾಗಿದೆ, ನಮ್ಮ ಅಕ್ಕ ಇನ್ನೂ ಬೈಯುತ್ತಿದ್ದಾಳೆ.

ಜನವರಿಯಲ್ಲಿ ನೀರು ಇಳಿದಾಗ ದಂಡೆಯ ಬಂಡೆಯೊಂದರ ಮೇಲೆ ಬಿಳಿ ಗೆರೆ ಸ್ಪಷ್ಟವಾಗಿ ಕಂಡಿತು. ನೀರು ಬಹುದಿನ ನಿಂತು ಬಿಟ್ಟುಹೋದ ಕಲೆ. ಅಲ್ಲಿಂದ ಮೊದಲ ಬೆರಳಿಗೆ 400 ಮೀಟರ್. ಒಂದು ಸಲಕ್ಕೆ 25 ಮೀಟರ್ ಹಿಡಿದರೆ 16 ಸಲ ಪೈಪ್ ಎತ್ತಿಡಬೇಕು. ಒಂದೊಂದು ಸಲಕ್ಕೆ 4 ಮಿಲಿಮೀಟರ್ ಹೆಚ್ಚುಕಡಿಮೆಯಾದರೂ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಅಂತ ಹೊಡೆದುಹೋಗಿ ಕೊನೆಗೆ 16ರ ವರ್ಗಮೂಲದಷ್ಟು, ಅಂದರೆ ನಾಲ್ಕು ಪಟ್ಟು, 16 ಮಿಲಿಮೀಟರ್ ತಪ್ಪು ಬರಬೇಕು. ಹೋಗಿ ಬಂದರೆ 23ರ ಆಸುಪಾಸು. ಕಾಗದದ ಮೇಲೆ ಬಲು ಚೆಂದ.

ಹೋಗಿ ತಿರುಗಿ ಅದೇ ಬಂಡೆಗೆ ಬಂದಾಗ ಬಿಳಿ ಗೆರೆ 190 ಮಿಲಿಮೀಟರ್ ಮೇಲಕ್ಕೆ ಹೋಗಿತ್ತು. ಬಂಡೆ ಜರುಗಿರಲಿಕ್ಕಿಲ್ಲ. ಅಳಿಯನಿಗೂ ನನಗೂ ಮಾತು ಬೆಳೆಯಿತು. "ನೀ ತುದಿಗಿ ಬೆರಳ ಒತ್ತಿ ಹಿಡಿದೀದಿ" ಅಂತ ನಾನು, "ನೀ ಚಷ್ಮಾ ಹಾಕ್ಕೊಂಡು ಓದು ಮಾಮಾ" ಅಂತ ಅವನು. ರೊಟ್ಟಿ, ಶೇಂಗಾ ಹಿಂಡಿ ತಿನ್ನುವಾಗ ಪೈಪ್ ಬಿಸಿಲಲ್ಲಿ ಬಿದ್ದಿತ್ತು. ನೋಡುತ್ತ ಕೂತೆ. ಗುಲಾಬಿ ಬಣ್ಣದ ನೀರಿನಲ್ಲಿ ಪೈಪಿನ ಗೋಡೆಗಂಟಿ ಸಾಸಿವೆಯಷ್ಟು ಗುಳ್ಳೆ ಒಂದು, ಪಕ್ಕದಲ್ಲಿ ಇನ್ನೊಂದು. ಎರಡೂ ಕೂಡಿ ಕಡಲೆಕಾಳಿನಷ್ಟಾದವು, ಮೆಲ್ಲಗೆ ಜಾರಿ ಪೈಪಿನ ಉಬ್ಬಿನಲ್ಲಿ ಹೋಗಿ ಕೂತವು. ತಣ್ಣನೆಯ ನೀರಲ್ಲಿ ಕರಗಿದ್ದ ಗಾಳಿ, ಬಿಸಿಲಿಗೆ ನೀರು ಕಾದಾಗ ಹೊರಬೀಳುತ್ತಿತ್ತು. ಉಬ್ಬಿನಲ್ಲಿ ಗಾಳಿ ಕೂತರೆ ಎರಡು ತುದಿಯ ನೀರು ಸುಳ್ಳು ಹೇಳುತ್ತದೆ. ಗೌಂಡಿಗಳು ಮನೆಯ ನೆರಳಲ್ಲಿ ಹತ್ತು ನಿಮಿಷ ಹಿಡಿಯುತ್ತಾರೆ, ಅವರಿಗೆ ಈ ಕಾಟ ಅಷ್ಟಿಲ್ಲ.

ಮುಂದಿನ ವಾರ ನೀರನ್ನು ಮನೆಯಲ್ಲೇ ಕುದಿಸಿ ಆರಿಸಿ ಒಯ್ದೆವು, ಬೆಳಿಗ್ಗೆ ಹತ್ತರೊಳಗೆ ಮುಗಿಸಿದೆವು. ತಪ್ಪು 27 ಮಿಲಿಮೀಟರ್. ಕುಣಿಯುವುದೊಂದು ಬಾಕಿ.

ಬೆರಳಿನ ತುದಿಯಲ್ಲಿ ಎಮ್ಮೆ ಬಿಟ್ಟುಕೊಂಡು ಕೂತಿದ್ದ ಮುದುಕರು ನಮ್ಮನ್ನು ಎರಡು ವಾರದಿಂದ ನೋಡುತ್ತಿದ್ದರು.

"ಏನ್ ಅಳ್ಯಾಕತ್ತೀರಿ ಸರ? ಹೊಲ ಹೋಗ್ತದೇನು ಮತ್ತ?"

"ಇಲ್ಲ ಕಾಕಾ, ನೀರ ಎಲ್ಲಿ ತನಕ ಬರ್ತದ ನೋಡ್ಲತ್ತೀವಿ."

ಅವರು ಎದ್ದೇಳಲೂ ಇಲ್ಲ, ಕೋಲಿನಿಂದ ತೋರಿಸಿದರು. "ಆ ಜಾಲಿ ಗಿಡದ ತನಕ. ಕಸ ನೋಡ್ರಿ."

ಹೋಗಿ ನೋಡಿದರೆ ಜಾಲಿಯ ಮುಳ್ಳಿನಲ್ಲಿ, ನನ್ನ ಮೊಳಕಾಲಿನ ಎತ್ತರಕ್ಕೆ, ತೊಗರಿ ಕಟ್ಟಿಗೆ, ಗುಟಕಾ ಚೀಟಿ, ಒಂದು ಎಡಗಾಲಿನ ನೀಲಿ ಚಪ್ಪಲಿ ಸಾಲಾಗಿ ಸಿಕ್ಕಿಕೊಂಡಿದ್ದವು. ಪಕ್ಕದ ಗಿಡದಲ್ಲೂ ಅದೇ ಎತ್ತರ, ಅದರ ಪಕ್ಕದಲ್ಲೂ. ಪೈಪ್ ಹಿಡಿದು ನೋಡಿದರೆ ಕಸದ ಗೆರೆ ನಮ್ಮ ಬಿಳಿ ಗೆರೆಗಿಂತ 55 ಸೆಂಟಿಮೀಟರ್ ಮೇಲಿತ್ತು. ಈ ಸಲ ಪೈಪಿನದು ತಪ್ಪಿಲ್ಲ. ಬಿಳಿ ಗೆರೆ ನೀರು ವಾರಗಟ್ಟಲೆ ನಿಂತದ್ದರ ಗುರುತು. ಕಸ ಒಂದೇ ರಾತ್ರಿಯ ಗುರುತು. ಹಳ್ಳ ಭರದಿಂದ ಬಂದಾಗ ಅದರ ಬಾಯಲ್ಲಿ ನೀರು ಕೆರೆಮಟ್ಟಕ್ಕಿಂತ ಎತ್ತರಕ್ಕಿರುತ್ತದೆ, ಗಾಳಿ ಬೀಸಿದರೆ ಅಲೆ ಇನ್ನಷ್ಟು ಹತ್ತುತ್ತದೆ. 40ಕ್ಕೆ ಒಂದರ ಇಳಿಜಾರಿನಲ್ಲಿ 55 ಸೆಂಟಿಮೀಟರ್ ಅಂದರೆ 22 ಮೀಟರ್. ಬಿಳಿ ಗೆರೆ ನಂಬಿ ದಾರಿ ಎಳೆದಿದ್ದರೆ ಮುಂದಿನ ಮಳೆಗಾಲದಲ್ಲಿ ಮತ್ತೆ ಅಳಿಯನ ಬಾಯಿಗೆ ಬೀಳುತ್ತಿದ್ದೆ.

ಪೈಪ್ ದಂಡವಾಯಿತೇ? ನಾನು ಹಾಗನ್ನುವುದಿಲ್ಲ. ಚಪ್ಪಲಿ ಎಷ್ಟು ಎತ್ತರದಲ್ಲಿದೆ ಎಂದು ಹೇಳಲಿಕ್ಕೆ ಪೈಪೇ ಬೇಕಾಯಿತು. ಆದರೆ ಎರಡನೇ ಬೆರಳಿಗೆ ಹೋದಾಗ ಮೊದಲು ಕಸ ಹುಡುಕಿದೆವು, ಆಮೇಲೆ ಪೈಪ್ ಬಿಚ್ಚಿದೆವು. ಅರ್ಧ ದಿನದಲ್ಲಿ ಕೆಲಸ ಮುಗಿಯಿತು, ಉಳಿದರ್ಧ ದಿನ ಎಳೆಜೋಳದ ಸೀತನಿ ತಿಂದೆವು.

ಈ ನಡುವೆ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕಿದೆ. ಬೀದರಿನ ನೌಬಾದ್ ಕರೇಜ್. ಬಹಮನಿಗಳ ಕಾಲದ ನೆಲದೊಳಗಿನ ಕಾಲುವೆ, ಜಂಬಿಟ್ಟಿಗೆಯಲ್ಲಿ ಕೊರೆದದ್ದು, ಮೇಲೆ ಸಾಲಾಗಿ ಗಾಳಿಬಾವಿಗಳು. ಬಾವಿಯಿಂದ ಬಾವಿಗೆ ನೆಲದ ಮೇಲೆ ನಡೆಯುವ ದಾರಿಯೊಂದನ್ನು ಎಳೆದರೆ ಹೇಗೆ? ದಂಡೆ ಇಲ್ಲ, ಜೊಂಡಿಲ್ಲ, ನೀರು ತನ್ನ ಪಾಡಿಗೆ ಕೆಳಗೆ, ನಾವು ನಮ್ಮ ಪಾಡಿಗೆ ಮೇಲೆ. ಅಳಿಯನಿಗೆ ಹೇಳಿದೆ. ಬಾವಿಗೆ ಯಾರು ಬೀಳುತ್ತಾರೆ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳೋಣ ಅಂದ.

ಇಲ್ಲಿನ ನೀರು ಮುಲ್ಲಾಮಾರಿ ಸೇರಿ, ಅಲ್ಲಿಂದ ಕಾಗಿಣ, ಕಾಗಿಣದಿಂದ ಭೀಮೆಗೆ ಹೋಗುತ್ತದೆ. ಆ ನೀಲಿ ಚಪ್ಪಲಿ ಮಾತ್ರ ಹೋಗಿಲ್ಲ, ಜಾಲಿಯಲ್ಲೇ ಬಿಟ್ಟು ಬಂದಿದ್ದೇನೆ. ಫೈಲಿನಲ್ಲಿ ಆ ಜಾಗಕ್ಕೆ 'ಚಪ್ಪಲಿ' ಎಂದೇ ಹೆಸರಿಟ್ಟಿದೆ, ದಾರಿ ಅಲ್ಲಿಂದ 30 ಮೀಟರ್ ದೂರದಲ್ಲಿ, ದಂಡೆಯ ಮೇಲುಗಡೆ ಹಾಯುತ್ತದೆ. ಮೂರನೇ ಬೆರಳು ಬಾಕಿ. ಪೈಪನ್ನು ಪಕ್ಕದ ಮನೆ ಕಟ್ಟುತ್ತಿರುವ ಗೌಂಡಿ ಮೊನ್ನೆ ಕೇಳಿ ಒಯ್ದ, ಶನಿವಾರ ಕೊಡ್ತೀನಿ ಅಂದಿದ್ದಾನೆ. ಯಾವ ಶನಿವಾರ ಅಂತ ಕೇಳಲಿಲ್ಲ.