ಅಳಿವೆ ಬಾಯಲ್ಲಿ ಹತ್ತು ನಿಮಿಷ

ಜುಲೈ ಕೊನೆಯ ರಾತ್ರಿ ಬೆಂಗಳೂರಿನಿಂದ ಹೊನ್ನಾವರದ ಬಸ್ ಹತ್ತಿದೆ. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಅಮ್ಮನ ಮಂಡಿನೋವಿನ ಮಾತ್ರೆ, ಮತ್ತೆ ಟ್ಯಾಬ್‌ನಲ್ಲಿ ಅರ್ಧ ತುಂಬಿದ ಒಂದು ಫಾರ್ಮ್. ‘ಇನ್ನೊಂದು ಸೆಷನ್ ಬೇಕು’ ಅಂತ ಟಿಕ್ ಹಾಕಿದ್ದೆ. ಯಾಕೆ ಅಂತ ಬರೆಯುವ ಜಾಗ ಖಾಲಿ ಇತ್ತು.

ವಿಮಾನದವನು ಬಸ್ಸಿನಲ್ಲಿ ಬಂದ ಅಂತ ಊರಲ್ಲಿ ಪ್ರತಿ ಸಲ ನಗುತ್ತಾರೆ. ಏನು ಮಾಡುವುದು, ನಮ್ಮ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ಇಳಿಯುವ ಜಾಗವೇ ಇಲ್ಲ. ಗೇರುಸೊಪ್ಪೆ ಘಾಟಿಯ ತಿರುವುಗಳಲ್ಲಿ ತಲೆ ಕಿಟಕಿಗೆ ಬಡಿಸಿಕೊಳ್ಳುತ್ತಲೇ ಬರಬೇಕು.

ನನ್ನ ಕೆಲಸ ಪೈಲಟ್‌ಗಳಿಗೆ ತರಬೇತಿ ಕೊಡುವುದು. ಹೆಚ್ಚಿನ ದಿನ ನೆಲ ಬಿಟ್ಟು ಏಳದ ವಿಮಾನದಲ್ಲಿ, ಅಂದರೆ ಸಿಮ್ಯುಲೇಟರ್‌ನಲ್ಲಿ. ಆರು ಕಾಲಿನ ಮೇಲೆ ನಿಂತ ದೊಡ್ಡ ಬಿಳಿ ಡಬ್ಬ ಅದು. ಒಳಗೆ ಎ320ರ ಕಾಕ್‌ಪಿಟ್ ಇದ್ದ ಹಾಗೇ ಇದೆ. ಮುಂದೆ ಇಬ್ಬರು, ಹಿಂದಿನ ಕುರ್ಚಿಯಲ್ಲಿ ನಾನು. ನನ್ನ ಪರದೆ ಮುಟ್ಟಿದರೆ ಎಂಜಿನ್‌ಗೆ ಬೆಂಕಿ ಬೀಳುತ್ತದೆ, ಇನ್ನೊಂದು ಸಲ ಮುಟ್ಟಿದರೆ ಮಂಗಳೂರಿನ ಮಳೆ ಸುರಿಯುತ್ತದೆ. ಒಂದು ಸೆಷನ್ ನಾಲ್ಕು ಗಂಟೆ. ಎಷ್ಟೋ ಸಲ ನಡುರಾತ್ರಿ ಶುರುವಾಗುತ್ತದೆ. ಇದನ್ನೆಲ್ಲ ಒಮ್ಮೆ ಮಾವನಿಗೆ ವಿವರಿಸಿದ್ದೆ. ಪೂರ್ತಿ ಕೇಳಿ, “ಹಂಗಾರೆ ನೀ ವಿಡಿಯೋ ಗೇಮಿನ ಮಾಸ್ತರ ಅನ್ನು” ಅಂದಿದ್ದ.

ಆ ಫಾರ್ಮಿನ ಹುಡುಗನ ವಿಷಯ ಹೇಳುತ್ತೇನೆ. ಹೊಸ ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಪಕ್ಕ ಕೂರುವ ಎರಡನೇ ಪೈಲಟ್. ಓದಿನಲ್ಲಿ ಚುರುಕು, ಕೈ ಕೂಡ ಚೆನ್ನಾಗಿದೆ. ಅವನಿಗೆ ಗೊತ್ತಾಗದ ಹಾಗೆ ಎಡಗಡೆ ಕೂತ ಕ್ಯಾಪ್ಟನ್‌ಗೆ ಒಂದು ಚೀಟಿ ಕೊಟ್ಟೆ: ‘ಸಾವಿರ ಅಡಿಗಿಂತ ಕೆಳಗೆ ಬಂದ ಮೇಲೆ ಮಾತಾಡಬೇಡಿ. ಕಣ್ಣು ಬಿಟ್ಟೇ ಇರಿ, ಆದರೆ ನೀವು ಇಲ್ಲ ಅಂದುಕೊಳ್ಳಿ.’ ಕುರ್ಚಿಯಲ್ಲೇ ಸದ್ದಿಲ್ಲದೆ ಪ್ರಜ್ಞೆ ತಪ್ಪಿದವರ ನಾಟಕ ಇದು. ಎರಡು ಸಲ ಕೂಗಿದರೂ ಉತ್ತರ ಬರಲಿಲ್ಲ ಅಂದರೆ ಪಕ್ಕದವನು ಕಂಟ್ರೋಲ್ ತೆಗೆದುಕೊಳ್ಳಬೇಕು. ಸೈಡ್‌ಸ್ಟಿಕ್, ಅಂದರೆ ವಿಮಾನ ನಡೆಸುವ ಸಣ್ಣ ಕೋಲಿನ ಮೇಲಿನ ಕೆಂಪು ಬಟನ್ ಒತ್ತಿ ‘ಐ ಹ್ಯಾವ್ ಕಂಟ್ರೋಲ್’ ಅನ್ನಬೇಕು. ನಲವತ್ತು ಸೆಕೆಂಡ್ ಒತ್ತಿ ಹಿಡಿದರೆ, ಬಟನ್ ಬಿಟ್ಟ ಮೇಲೂ ಆಚೆಯವರ ಸ್ಟಿಕ್ ಕೆಲಸ ಮಾಡುವುದಿಲ್ಲ.

ವೇಗ ಹತ್ತು ನಾಟ್ ಜಾಸ್ತಿ ಆಯಿತು. “ಸ್ಪೀಡ್” ಅಂದ. ಉತ್ತರ ಇಲ್ಲ. “ಸರ್, ಸ್ಪೀಡ್.” ಇಲ್ಲ. ಹದಿನೈದು. “ಸರ್...” ದನಿ ಏರಬೇಕಾದ ಕಡೆ ಇಳಿಯುತ್ತಾ ಹೋಯಿತು. ಬೆರಳು ಕೆಂಪು ಬಟನ್ ಮೇಲೇ ಇತ್ತು. ನಾನು ನೋಡುತ್ತಿದ್ದೆ. ಒತ್ತಲಿಲ್ಲ. ಅರ್ಧ ರನ್‌ವೇ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು, ಆಚೆ ತುದಿ ದಾಟಿ ಪರದೆ ಕೆಂಪಾಯಿತು.

“ಯಾಕಪ್ಪಾ?” ಅಂದೆ.

“ಸರ್, ಅವರು ಸೀನಿಯರ್ ಅಲ್ವಾ. ಏನೋ ಯೋಚನೆ ಮಾಡಿರ್ತಾರೆ ಅಂದ್ಕೊಂಡೆ.”

ಬೈಯುವುದು ಸುಲಭ. ಬೈದೆ ಕೂಡ. 2010ರ ಮೇ 22ರಂದು ಮಂಗಳೂರಿನಲ್ಲಿ ಏನಾಯಿತು ಅಂತ ನೆನಪಿಸಿದೆ. 158 ಜನ ಹೋದರು, ಉಳಿದವರು ಎಂಟೇ ಜನ. ಅಲ್ಲೂ ಪಕ್ಕದ ಪೈಲಟ್ ‘ಗೋ ಅರೌಂಡ್’, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರಿ ಅಂತ ಹೇಳಿದ್ದು ತನಿಖಾ ವರದಿಯಲ್ಲಿದೆ. ಹೇಳಿದ್ದು ಸಾಕಾಗಲಿಲ್ಲ. ಹುಡುಗ ತಲೆ ತಗ್ಗಿಸಿ ಕೇಳಿದ. ಮನೆಗೆ ಹೋಗುವಾಗ ನನ್ನದೇ ಹಳೇ ಕತೆ ನೆನಪಾಯಿತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಹಿರಿಯರ ಪಕ್ಕ ಕೂತು, ತಪ್ಪು ಕಣ್ಣಿಗೆ ಹೊಡೆಯುತ್ತಿದ್ದರೂ ನಾನು ಹೀಗೇ ಸುಮ್ಮನಿದ್ದೆ. ಅವತ್ತು ಏನೂ ಆಗಲಿಲ್ಲ, ಅಷ್ಟೇ. ಷರಾ ಬರೆಯಲು ಕೂತಾಗ ‘ದೃಢತೆ ಸಾಲದು’ ಅನ್ನುವ ಎರಡು ಪದವೂ ಮುಂದೆ ಹೋಗಲಿಲ್ಲ.

ಊರಿಗೆ ಬಂದ ಎರಡನೇ ದಿನ ಮಾವನ ಬೋಟು ಹೊರಟಿತ್ತು. ಜೂನ್ ಒಂದರಿಂದ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್. ಆಗಸ್ಟ್ ಬಂತು ಅಂದರೆ ಹೊನ್ನಾವರದ ಪಕ್ಕದ ಕಾಸರಕೋಡಿನ ಬಂದರಿನಲ್ಲಿ ಡೀಸೆಲ್, ಐಸು, ಹೊಸ ಬಣ್ಣದ ವಾಸನೆ ಒಟ್ಟಿಗೆ ಬರುತ್ತದೆ. ಮಾವ ತಾಂಡೇಲ, ಬೋಟು ನಡೆಸುವವನು. “ಬರ್ತ್ಯನಾ ತಮಾ?” ಅಂದ. ಹತ್ತಿದೆ.

ಹೊನ್ನಾವರದ ಅಳಿವೆ ಗೊತ್ತಿದ್ದವರಿಗೆ ಗೊತ್ತು. ಶರಾವತಿ ಸಮುದ್ರಕ್ಕೆ ಸೇರುವ ಬಾಯಿ ಅದು. ಹೂಳು ತುಂಬಿ ದಿಬ್ಬವಾಗಿದೆ. ದಾರಿ ಕಿರಿದು, ಅದೂ ಜಾಗ ಬದಲಿಸುತ್ತಿರುತ್ತದೆ. ನದಿಯ ನೀರು ಹೊರಗೆ ತಳ್ಳುತ್ತದೆ, ಕಡಲು ಒಳಗೆ ತಳ್ಳುತ್ತದೆ. ಎರಡೂ ಡಿಕ್ಕಿ ಹೊಡೆಯುವ ಕಡೆ ಅಲೆ ಎದ್ದು ನಿಲ್ಲುತ್ತದೆ. ಅಲ್ಲಿ ಬೋಟು ಮಗುಚಿದ ಸುದ್ದಿ ಪ್ರತಿ ಮಳೆಗಾಲ ಕೇಳುತ್ತಲೇ ಬೆಳೆದವರು ನಾವು. ದೊಡ್ಡ ಅಲೆಗಳು ಸಾಲಾಗಿ ಬಂದು ಹೋದ ಮೇಲೆ ಸ್ವಲ್ಪ ಹೊತ್ತು ಬಿಡುವು ಸಿಗುತ್ತದೆ. ಆ ಬಿಡುವಲ್ಲಿ ನುಗ್ಗಬೇಕು.

ಮಾವ ಎಂಜಿನ್ ನಿಧಾನ ಮಾಡಿ ಕಾಯುತ್ತಿದ್ದ. ಬೋಟಿನ ಮುಂದಿನ ತುದಿಯಲ್ಲಿ ಈ ವರ್ಷ ಹೊಸದಾಗಿ ಸೇರಿದ ಹುಡುಗ, ಹತ್ತೊಂಬತ್ತಿರಬಹುದು, ಹಗ್ಗ ಹಿಡಿದು ನಿಂತಿದ್ದ. ಅಲೆ ಸಾಲು ಮುಗಿಯಿತು. ಮಾವ ಗೇರ್ ಹಾಕಿದ. ಬೋಟು ಮುಂದೆ ಜಿಗಿಯಿತು. ಅಷ್ಟರಲ್ಲಿ ಹುಡುಗ ಕೈ ಎತ್ತಿ, “ಬ್ಯಾಡ! ಬ್ಯಾಡ! ತಿರಗ್ಸಿ!” ಅಂತ ಕಿರುಚಿದ.

ಮಾವ ಎಂತದು ಅಂತ ಕೇಳಲಿಲ್ಲ. ಕಡಲ ಕಡೆ ಕಣ್ಣು ಹಾಯಿಸಿ ತಾನೂ ನೋಡೋಣ ಅಂತಲೂ ನಿಲ್ಲಲಿಲ್ಲ. ಹುಡುಗನ ಬಾಯಿಂದ ಎರಡನೇ ‘ಬ್ಯಾಡ’ ಬರುವುದರೊಳಗೆ ಬೋಟಿನ ಮೂತಿ ನದಿಯ ಕಡೆ ತಿರುಗಿತ್ತು. ನಾನು ಕಂಬ ತಬ್ಬಿಕೊಂಡೆ.

ಅಲೆ ಬಂತು. ಸಣ್ಣದು. ನಮ್ಮ ಹಿಂದಿದ್ದ ಬೋಟು ಅದರ ಮೇಲೇ ಆರಾಮಾಗಿ ದಾಟಿ ಹೊರಗೆ ಹೋಯಿತು. ಅದರಲ್ಲಿದ್ದವನೊಬ್ಬ ನಮ್ಮತ್ತ ಕೈಬೀಸಿ ಏನೋ ಕೂಗಿ ನಕ್ಕ. ಹುಡುಗನ ಕಿವಿ ಕೆಂಪಾಯಿತು. ಮಾವ ಮತ್ತೆ ಹತ್ತು ನಿಮಿಷ ಕಾದ, ಬಿಡುವು ನೋಡಿ ಹೊರಟ. ಹುಡುಗನಿಗೆ ಹೇಳಿದ್ದು ಒಂದೇ ಮಾತು: “ಹಗ್ಗ ಗಟ್ಟಿ ಹಿಡ್ಕ.”

ಆಚೆ ಆಳದ ನೀರಿಗೆ ಬಂದ ಮೇಲೆ ಕೇಳಿದೆ, “ಮಾವ, ಅವ ಸುಮ್ನೆ ಹೆದರಿದ್ದಲ್ವಾ?”

“ಹೌದು.”

“ನೀ ಏನೂ ಅನ್ಲಿಲ್ಲ?”

ಮಾವ ಬಾಯಲ್ಲಿದ್ದ ಕವಳ ಕಡಲಿಗೆ ಉಗಿದ. “ಇವತ್ತು ಬೈದ್ರೆ ನಾಳೆ ಬಾಯಿ ಬಿಡೂದಿಲ್ಲ ಅವ. ಚುಕ್ಕಾಣಿ ಹಿಡದು ಮುಂದಿಂದೆಲ್ಲ ನಂಗೆ ಕಾಣ್ತದ್ಯ?”

ನಮ್ಮಲ್ಲೂ ಇದು ನಿಯಮವಾಗಿ ಇದೆ. ಗೋ ಅರೌಂಡ್ ಮಾಡಿದ ಪೈಲಟ್‌ನನ್ನು ಯಾಕೆ ಮಾಡಿದೆ ಅಂತ ಶಿಕ್ಷಿಸಬಾರದು. ನಾನೇ ಅದನ್ನು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಆದರೆ ಬೇಡದ ಕಡೆ ‘ಬೇಡ’ ಅಂದವನ ಮುಂದೆ ನನ್ನ ಮುಖ ಹೇಗಿರುತ್ತದೆ ಅಂತ ಯಾವತ್ತೂ ಯೋಚಿಸಿರಲಿಲ್ಲ. ಹುಬ್ಬು ಏರುತ್ತದೆ, ಅದು ನನಗೇ ಗೊತ್ತು.

ಬೆಂಗಳೂರಿಗೆ ವಾಪಸ್ ಬಂದು ಷರಾದಲ್ಲಿ ಬರೆದೆ: ‘ತಪ್ಪು ಗುರುತಿಸುತ್ತಾನೆ. ಕೂಗಲು ಅಭ್ಯಾಸ ಬೇಕು. ಮುಂದಿನ ಸೆಷನ್ ನಾನೇ ತೆಗೆದುಕೊಳ್ಳುತ್ತೇನೆ.’

ಆ ಸೆಷನ್ ರಾತ್ರಿ ಎರಡಕ್ಕೆ ಶುರುವಾಯಿತು. ಈ ಸಲ ಕ್ಯಾಪ್ಟನ್‌ಗೆ ಚೀಟಿ ಕೊಟ್ಟಿರಲಿಲ್ಲ. ಅದೇ ರನ್‌ವೇ, ಅದೇ ಮಳೆ. ಎಂಟುನೂರು ಅಡಿಯಲ್ಲಿ ಗಾಳಿ ತಳ್ಳಿತು, ವೇಗ ಒಂದು ಕ್ಷಣ ಏಳು ನಾಟ್ ಏರಿತು. ಮಿತಿಯೊಳಗೇ ಇತ್ತು. ಹುಡುಗ ಗಂಟಲು ಬಿಚ್ಚಿ “ಗೋ ಅರೌಂಡ್!” ಅಂದ. ಕ್ಯಾಪ್ಟನ್ ಥ್ರಸ್ಟ್ ಪೂರ್ತಿ ಮುಂದೆ ತಳ್ಳಿದರು, ಡಬ್ಬ ಹಿಂದಕ್ಕೆ ವಾಲಿತು, ನಾವು ಮೋಡದೊಳಗೆ ಹೋದೆವು. ಆಮೇಲೆ ಇಬ್ಬರೂ ತಿರುಗಿ ನನ್ನ ಮುಖ ನೋಡಿದರು.

ಹುಬ್ಬು ಕೆಳಗೇ ಇಟ್ಟುಕೊಂಡು, ವಿಮಾನವನ್ನು ಮತ್ತೆ ಹತ್ತು ಮೈಲಿ ಹಿಂದಕ್ಕೆ ತಂದು ನಿಲ್ಲಿಸಿದೆ.